ಸೊಸೆಯ ರಕ್ತ ಪರೀಕ್ಷೆಯ ಜೊತೆ ಮಗನ ಪರೀಕ್ಷೆಯೂ ಆಗಲಿ

ನಮ್ಮ ಮದುವೆ ಹಾಲ್‌ಗಳಲ್ಲಿ ಹೆಂಗಸರ ಕಡೆ ಕುಳಿತರೆ ಒಂದು ಪ್ರಶ್ನೆ ತಪ್ಪದೆ ಕಿವಿಗೆ ಬೀಳುತ್ತದೆ. "ಎಂತ, ಇನ್ನೂ ವಿಶೇಷ ಇಲ್ವಾ?" ಮದುವೆಯಾಗಿ ಆರು ತಿಂಗಳಾದವಳಲ್ಲಿ ಇದನ್ನು ನಗುತ್ತಾ ಕೇಳುತ್ತೇವೆ. ಎರಡು ವರ್ಷವಾದವಳಲ್ಲಿ ಧ್ವನಿ ತಗ್ಗಿಸಿ ಕೇಳುತ್ತೇವೆ. ಐದು ವರ್ಷವಾದವಳಲ್ಲಿ ಕೇಳುವುದೇ ಇಲ್ಲ. ಅವಳು ಬಿರಿಯಾನಿ ತಟ್ಟೆ ಹಿಡಿದು ಆಚೆ ಹೋದ ಮೇಲೆ ಪಕ್ಕದವರಲ್ಲಿ ಕೇಳುತ್ತೇವೆ. ಗಂಡಸರ ಕಡೆ ಕುಳಿತ ಅವಳ ಗಂಡನಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ಅವನಿಗೆ ಬರುವ ಪ್ರಶ್ನೆ ಬೇರೆ: "ಯಾವಾಗ ಬಂದದ್ದು? ರಜೆ ಎಷ್ಟು ದಿನ ಉಂಟು?"

ಈಗೀಗ ಹೆಂಗಸರ ಕಡೆಯ ಪ್ರಶ್ನೆಗೆ ಹೊಸ ಬಾಲವೊಂದು ಸೇರಿದೆ. "ಎಎಂಎಚ್ ಮಾಡಿಸಿದ್ದೀರಾ? ಎಷ್ಟು ಬಂತು?"

ನಮಗೆ ಗೊತ್ತಿರುವ ಒಂದು ಮನೆಯಲ್ಲಿ ನಡೆದದ್ದನ್ನು ಹೇಳುತ್ತೇವೆ. ಊರು, ಹೆಸರು ಬೇಡ. ಓದುವ ಹಲವರಿಗೆ ಇದು ತಮ್ಮ ಪಕ್ಕದ ಮನೆಯ ಕತೆ ಎಂದೇ ಅನಿಸಬಹುದು. ಹುಡುಗಿಗೆ 25 ವರ್ಷ. ಮದುವೆಯಾಗಿ ಎರಡೂವರೆ ವರ್ಷ. ಗಂಡ ಜುಬೈಲ್‌ನಲ್ಲಿ ಕೆಲಸಕ್ಕಿದ್ದಾನೆ. ಮದುವೆಯಾದ ಮೇಲೆ ಅವರಿಬ್ಬರು ಒಟ್ಟಿಗೆ ಇದ್ದದ್ದು ಮೊದಲಿನ ಒಂದೂವರೆ ತಿಂಗಳು, ಆಮೇಲೆ ಒಂದು ರಜೆಯ ನಲವತ್ತು ದಿನ, ಅಷ್ಟೇ. ಮಾಮಿ ಅವಳನ್ನು ಪೇಟೆಯ ಒಂದು ಲ್ಯಾಬ್‌ಗೆ ಕರೆದುಕೊಂಡು ಹೋದರು. ಡಾಕ್ಟರ ಚೀಟಿ ಇರಲಿಲ್ಲ. ಅಲ್ಲಿ ಹೆಂಗಸರಿಗೆಂದೇ ಒಂದು ಪ್ಯಾಕೇಜ್ ಇತ್ತು, ಅದನ್ನು ಮಾಡಿಸಿದರು. ರಿಪೋರ್ಟಿನಲ್ಲಿ ಎಎಂಎಚ್ 0.9 ಎಂದು ಬಂತು, ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ "ಕಡಿಮೆ" ಎಂಬ ಗುರುತು. ಸಂಜೆಯೊಳಗೆ ಅದರ ಫೋಟೊ ಕುಟುಂಬದ ವಾಟ್ಸ್ಆ್ಯಪ್ ಗ್ರೂಪಿಗೆ ಬಿತ್ತು. ರಾತ್ರಿ ಜುಬೈಲ್‌ಗೆ ಫೋನು ಹೋಯಿತು. "ಮೋನೆ, ಅವಳಲ್ಲಿ ಮೊಟ್ಟೆಯೇ ಇಲ್ಲವಂತೆ."

ಒಂದು ತಿಂಗಳೊಳಗೆ ಆ ಮನೆಯಲ್ಲಿ ಎರಡನೇ ಮದುವೆಯ ಮಾತು ಶುರುವಾಯಿತು. ಹುಡುಗಿ ಬಟ್ಟೆ ಕಟ್ಟಿಕೊಂಡು ತಾಯಿ ಮನೆಗೆ ಬಂದಳು. ಗಂಡನ ಪರೀಕ್ಷೆ ಆಯಿತಾ ಎಂದು ಅವಳ ಅಣ್ಣ ಕೇಳಿದ್ದಕ್ಕೆ ಸಿಕ್ಕಿದ ಉತ್ತರ ಇದು: "ನಮ್ಮ ಹುಡುಗನಿಗೆ ಎಂತ ಆಗಿದೆ? ಗಟ್ಟಿಮುಟ್ಟಾಗಿ ಇದ್ದಾನಲ್ಲ?" ಅವನ ಪರೀಕ್ಷೆ ಇಂದಿಗೂ ಆಗಿಲ್ಲ.

ಈ ಒಂದೇ ಮನೆಯಲ್ಲಿ ಮೂರು ತಪ್ಪುಗಳಾಗಿವೆ. ದಿನಗಳ ಲೆಕ್ಕ ತಪ್ಪಿದೆ. ರಿಪೋರ್ಟು ಓದಿದ್ದು ತಪ್ಪಿದೆ. ಇಬ್ಬರ ವಿಷಯದಲ್ಲಿ ಒಬ್ಬರನ್ನು ಮಾತ್ರ ಪರೀಕ್ಷಿಸಿದ್ದು ತಪ್ಪಿದೆ. ಈ ಮೂರನ್ನೂ ಒಂದೊಂದಾಗಿ ನೋಡುವ.

ರಜೆಯ ಲೆಕ್ಕ

ಮಕ್ಕಳಾಗುವುದರಲ್ಲಿ ತೊಂದರೆ ಉಂಟು ಎಂದು ಡಾಕ್ಟರು ಹೇಳುವುದು ಯಾವಾಗ? ಗರ್ಭನಿರೋಧಕ ಬಳಸದೆ, ಗಂಡ ಹೆಂಡತಿ ನಿಯಮಿತವಾಗಿ ಕೂಡಿ 12 ತಿಂಗಳು ಕಳೆದರೂ ಗರ್ಭ ನಿಲ್ಲದಿದ್ದರೆ. ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆ ಇದೇ. ಹೆಣ್ಣಿಗೆ 35 ದಾಟಿದ್ದರೆ ಆರು ತಿಂಗಳಿಗೇ ಡಾಕ್ಟರನ್ನು ನೋಡುವುದು ಒಳ್ಳೆಯದು. ಮುಟ್ಟು ನಿಂತುಹೋಗಿದ್ದರೆ, ತೀರಾ ಏರುಪೇರಾಗಿದ್ದರೆ, ಅಂಡಾಶಯದ ಆಪರೇಷನ್ ಅಥವಾ ಕ್ಯಾನ್ಸರ್ ಚಿಕಿತ್ಸೆ ಆಗಿದ್ದರೆ ಅಷ್ಟೂ ಕಾಯಬಾರದು.

ಆ ವ್ಯಾಖ್ಯೆಯಲ್ಲಿ ಎಣಿಸುವುದು ಒಟ್ಟಿಗೆ ಬಾಳಿದ ತಿಂಗಳುಗಳನ್ನು. ನಿಕಾಹ್‌ನ ತಾರೀಕಿನಿಂದ ಗೋಡೆಯ ಕ್ಯಾಲೆಂಡರ್ ನೋಡಿ ಎಣಿಸುವುದಲ್ಲ. ಒಂದು ಮುಟ್ಟಿನ ಚಕ್ರದಲ್ಲಿ ಗರ್ಭ ನಿಲ್ಲಲು ಸಾಧ್ಯವಿರುವ ದಿನಗಳು ಸುಮಾರು ಆರು ಮಾತ್ರ: ಅಂಡಾಣು ಹೊರಬರುವ ದಿನ ಮತ್ತು ಅದರ ಹಿಂದಿನ ಐದು ದಿನ. 1995ರಲ್ಲಿ ಅಮೆರಿಕದ ಸಂಶೋಧಕರು ಇದನ್ನು ಮೂತ್ರದ ಹಾರ್ಮೋನ್ ಅಳೆದು ತೋರಿಸಿದರು. ಯಾವ ತೊಂದರೆಯೂ ಇಲ್ಲದ ಎಳೆಯ ಜೋಡಿಗೂ ಒಂದು ತಿಂಗಳಲ್ಲಿ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚೆಂದರೆ ಸುಮಾರು ನಾಲ್ಕರಲ್ಲಿ ಒಂದು.

ಈಗ ಆ ಹುಡುಗಿಯ ಲೆಕ್ಕ ಹಾಕಿ. ಎರಡೂವರೆ ವರ್ಷದ ದಾಂಪತ್ಯದಲ್ಲಿ ಅವಳಿಗೆ ಸಿಕ್ಕಿದ್ದು ಹೆಚ್ಚೆಂದರೆ ಮೂರು ಅವಕಾಶ. ನಾಲ್ಕರಲ್ಲಿ ಒಂದರ ಲೆಕ್ಕದಲ್ಲೇ ಹೋದರೂ, ಆರೋಗ್ಯವಂತರಾದ ನೂರು ಜೋಡಿಗಳಲ್ಲಿ ನಲವತ್ತರಷ್ಟು ಜೋಡಿಗಳಿಗೆ ಮೂರು ತಿಂಗಳಲ್ಲಿ ಗರ್ಭ ನಿಲ್ಲುವುದಿಲ್ಲ. ಅವಳಿಗೆ ಬಂಜೆತನ ಉಂಟು ಎಂದು ಹೇಳಲು ಬೇಕಾದ ಕಾಲವೇ ಇನ್ನೂ ಕಳೆದಿಲ್ಲ! ಮದುವೆ ಹಾಲ್‌ನಲ್ಲಿ ಗಂಡಸರು ಕೇಳುವ "ರಜೆ ಎಷ್ಟು ದಿನ ಉಂಟು" ಎಂಬ ಪ್ರಶ್ನೆಯೇ ಡಾಕ್ಟರ ಮೊದಲ ಪ್ರಶ್ನೆಯೂ ಆಗಿರುತ್ತದೆ. ಗಲ್ಫಿನ ದುಡಿಮೆಯನ್ನು ನಂಬಿದ ನಮ್ಮ ಮನೆಗಳಲ್ಲಿ ಇದನ್ನು ಅರ್ಥ ಮಾಡಿಕೊಳ್ಳುವುದು ಬಹಳ ಅಗತ್ಯ. ದೂರ ಇದ್ದದ್ದು ಇಬ್ಬರೂ, ಆದರೆ ಅಪವಾದ ಹೊರುವುದು ಮನೆಯಲ್ಲಿ ಉಳಿದವಳು ಒಬ್ಬಳೇ.

ರಕ್ತದಲ್ಲಿ ಎಂತ ನೋಡುತ್ತಾರೆ?

ದೇಹದ ಒಳಗೆ ನಡೆಯುವುದನ್ನು ಹೊರಗಿನಿಂದ ತಿಳಿಯಲು ರಕ್ತ, ಮೂತ್ರಗಳಲ್ಲಿ ಅಳೆಯುವ ವಸ್ತುಗಳಿಗೆ ಬಯೋಮಾರ್ಕರ್ ಎನ್ನುತ್ತಾರೆ, ಅಂದರೆ ಜೈವಿಕ ಗುರುತು. ಹೆಸರು ದೊಡ್ಡದು, ವಿಷಯ ನಮಗೆ ಹೊಸದೇನಲ್ಲ. ಶುಗರ್ ನೋಡುವುದು ಅದೇ. ಮೆಡಿಕಲ್‌ನಿಂದ ತರುವ ಗರ್ಭ ಪರೀಕ್ಷೆಯ ಕಾರ್ಡು ಕೂಡ ಅದೇ. ಅದು ಮೂತ್ರದಲ್ಲಿ ಎಚ್‌ಸಿಜಿ ಎಂಬ ಹಾರ್ಮೋನ್ ಉಂಟಾ ಎಂದು ನೋಡುತ್ತದೆ. 1978ರಲ್ಲಿ ಇಂಗ್ಲೆಂಡಿನಲ್ಲಿ ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಹುಟ್ಟಿದಳಲ್ಲ, ಅವಳ ತಾಯಿಯ ಅಂಡಾಣುವನ್ನು ಯಾವ ಗಳಿಗೆಯಲ್ಲಿ ತೆಗೆಯಬೇಕೆಂದು ಡಾಕ್ಟರು ತಿಳಿದದ್ದು ಕೂಡ ಮೂತ್ರದಲ್ಲಿ ಎಲ್‌ಎಚ್ ಎಂಬ ಹಾರ್ಮೋನ್ ಏರುವುದನ್ನು ನೋಡಿಯೇ.

ಆದ್ದರಿಂದ ಈ ಪರೀಕ್ಷೆಗಳನ್ನು ನಾವು ತೆಗಳುವುದಿಲ್ಲ. ಸರಿಯಾಗಿ ಮಾಡಿಸಿದರೆ ಎಷ್ಟೋ ಮನೆಗೆ ಬೆಳಕು ಕೊಟ್ಟವು ಅವು. ಥೈರಾಯ್ಡ್ ನೋಡಿ. ಅದು ಕಡಿಮೆಯಾದರೆ ಮುಟ್ಟು ಏರುಪೇರಾಗುತ್ತದೆ, ಅಂಡಾಣು ಹೊರಬರುವುದು ತಪ್ಪುತ್ತದೆ. ಟಿಎಸ್‌ಎಚ್ ಎಂಬ ಪರೀಕ್ಷೆಯಲ್ಲಿ ಅದು ಗೊತ್ತಾಗುತ್ತದೆ, ದಿನಾ ಬೆಳಿಗ್ಗೆ ಒಂದು ಮಾತ್ರೆಯಲ್ಲಿ ಹತೋಟಿಗೆ ಬರುತ್ತದೆ. ಪ್ರೊಲ್ಯಾಕ್ಟಿನ್ ಎಂಬ ಹಾಲಿನ ಹಾರ್ಮೋನ್ ಹೆಚ್ಚಾದರೂ ಮುಟ್ಟು ನಿಲ್ಲುತ್ತದೆ, ಅದಕ್ಕೂ ಮದ್ದು ಉಂಟು. ಇವೆರಡು ಗೊತ್ತಾಗದೆ ವರ್ಷಗಟ್ಟಲೆ ನೀರು ಮಂತ್ರಿಸಿಕೊಂಡು, ನಾಟಿ ಮದ್ದು ಕುಡಿದುಕೊಂಡು ಕಳೆದವರು ನಮ್ಮಲ್ಲಿ ಇದ್ದಾರೆ.

ಆದರೆ ಪ್ರತಿಯೊಂದು ಪರೀಕ್ಷೆಗೂ ಒಂದು ಸಮಯ, ಒಂದು ಕ್ರಮ ಉಂಟು. ಅದು ತಪ್ಪಿದರೆ ಸರಿಯಾದ ಯಂತ್ರವೂ ತಪ್ಪು ಮಾತು ಹೇಳುತ್ತದೆ.

ಎಫ್‌ಎಸ್‌ಎಚ್ ಪರೀಕ್ಷೆಯನ್ನು ಮುಟ್ಟಿನ ಎರಡರಿಂದ ನಾಲ್ಕನೇ ದಿನದೊಳಗೆ ಮಾಡಿಸಬೇಕು. ಜೊತೆಗೆ ಈಸ್ಟ್ರಾಡಯಾಲ್ ಎಂಬ ಇನ್ನೊಂದನ್ನೂ ನೋಡಬೇಕು. ಅದು ಏರಿದ್ದರೆ ಎಫ್‌ಎಸ್‌ಎಚ್ ತಗ್ಗಿ, ಎಲ್ಲ ಸರಿ ಇದ್ದಂತೆ ಕಾಣುತ್ತದೆ.

ಪ್ರೊಜೆಸ್ಟರಾನ್‌ನ ಕತೆ ಇನ್ನೂ ಕುತೂಹಲದ್ದು. ಅಂಡಾಣು ಹೊರಬಂತಾ ಎಂದು ತಿಳಿಯಲು ಇದನ್ನು ನೋಡುತ್ತಾರೆ. "21ನೇ ದಿನ ಬನ್ನಿ" ಎಂದು ಚೀಟಿಯಲ್ಲಿ ಬರೆದಿರುತ್ತದೆ. ಆ 21 ಎಂಬುದು 28 ದಿನಕ್ಕೊಮ್ಮೆ ಮುಟ್ಟಾಗುವವಳಿಗೆ ಮಾತ್ರ ಸರಿ. ನಿಜವಾದ ಲೆಕ್ಕ ಮುಂದಿನ ಮುಟ್ಟಿಗೆ ಏಳು ದಿನ ಮೊದಲು ಎಂಬುದು. 35 ದಿನಕ್ಕೊಮ್ಮೆ ಮುಟ್ಟಾಗುವವಳು 28ನೇ ದಿನ ರಕ್ತ ಕೊಡಬೇಕು. ಅವಳು 21ಕ್ಕೆ ಕೊಟ್ಟರೆ ಅಂಡಾಣು ಆಗಷ್ಟೇ ಹೊರಬರುವ ಹೊತ್ತು, ಪ್ರೊಜೆಸ್ಟರಾನ್ ಕಡಿಮೆಯೇ ಬರುತ್ತದೆ. "ಮೊಟ್ಟೆ ಆಗ್ತಾ ಇಲ್ಲ" ಎಂದು ಅಳುತ್ತಾ ಮನೆಗೆ ಬರುತ್ತಾಳೆ. ತಪ್ಪಿದ್ದು ತಾರೀಕು, ದೇಹವಲ್ಲ.

ತಲೆಕೂದಲು ಉದುರುತ್ತದೆಂದು ಬಯೋಟಿನ್ ಮಾತ್ರೆ ನುಂಗುವವರು ನಮ್ಮ ಹೆಣ್ಣುಮಕ್ಕಳಲ್ಲಿ ಕಡಿಮೆ ಇಲ್ಲ. ಅದು ಹಾರ್ಮೋನ್ ಅಳೆಯುವ ಕೆಲವು ಯಂತ್ರಗಳ ಲೆಕ್ಕವನ್ನೇ ಕೆಡಿಸುತ್ತದೆ. 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಬಗ್ಗೆ ಎಚ್ಚರಿಕೆ ಕೊಟ್ಟಿತು. ವಾಂತಿ, ಹೊಟ್ಟೆಯುಬ್ಬರಕ್ಕೆ ತೆಗೆದುಕೊಳ್ಳುವ ಡೊಂಪೆರಿಡೋನ್ ಮಾತ್ರೆ ಪ್ರೊಲ್ಯಾಕ್ಟಿನ್ ಅನ್ನು ಏರಿಸುತ್ತದೆ. ಮುಟ್ಟು ಮುಂದೂಡಲು ಅಥವಾ ಗರ್ಭ ತಡೆಯಲು ನುಂಗಿದ ಮಾತ್ರೆಗಳೂ ರಿಪೋರ್ಟನ್ನು ಬದಲಾಯಿಸುತ್ತವೆ. ಆದ್ದರಿಂದ ರಕ್ತ ಕೊಡುವ ಮೊದಲು ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಎಂದು ಡಾಕ್ಟರಿಗೆ ಹೇಳಿ. ಎಷ್ಟು ದಿನ ಮೊದಲು ನಿಲ್ಲಿಸಬೇಕು ಎಂದೂ ಅವರಲ್ಲೇ ಕೇಳಿ.

ಪತ್ತಾಯದ ಭತ್ತ

ಇನ್ನು ಆ ಎಎಂಎಚ್ ಎಂದರೆ ಎಂತ? ಪೂರ್ತಿ ಹೆಸರು ಆ್ಯಂಟಿ ಮುಲ್ಲೇರಿಯನ್ ಹಾರ್ಮೋನ್. ಅಂಡಾಶಯದಲ್ಲಿ ಬೆಳೆಯಲು ಶುರು ಮಾಡಿದ ಸಣ್ಣ ಸಣ್ಣ ಅಂಡಕೋಶಗಳು ಇದನ್ನು ಬಿಡುತ್ತವೆ. ಹೆಣ್ಣು ಮಗು ಹುಟ್ಟುವಾಗಲೇ ಅದರ ಅಂಡಾಶಯಗಳಲ್ಲಿ 10ರಿಂದ 20 ಲಕ್ಷ ಅಂಡಗಳಿರುತ್ತವೆ. ಮೈನೆರೆಯುವಾಗ ಮೂರು ನಾಲ್ಕು ಲಕ್ಷ ಉಳಿದಿರುತ್ತವೆ. ವಯಸ್ಸಾದಂತೆ ಅದು ಖಾಲಿಯಾಗುತ್ತಾ ಬರುತ್ತದೆ. ಎಷ್ಟು ಉಳಿದಿರಬಹುದು ಎಂಬ ಅಂದಾಜನ್ನು ಎಎಂಎಚ್ ಕೊಡುತ್ತದೆ. ಮುಟ್ಟಿನ ಯಾವ ದಿನ ರಕ್ತ ಕೊಟ್ಟರೂ ಇದರಲ್ಲಿ ದೊಡ್ಡ ವ್ಯತ್ಯಾಸ ಬರುವುದಿಲ್ಲ. ಪ್ಯಾಕೇಜ್‌ಗಳಲ್ಲಿ ಇದು ಸುಲಭವಾಗಿ ಸೇರಿಕೊಳ್ಳಲು ಅದೂ ಒಂದು ಕಾರಣ.

ಹಿಂದೆ ನಮ್ಮ ದೊಡ್ಡ ಮನೆಗಳಲ್ಲಿ ಭತ್ತ ತುಂಬುವ ಪತ್ತಾಯ ಇರುತ್ತಿತ್ತು. ಪತ್ತಾಯಕ್ಕೆ ಕೋಲು ಇಳಿಸಿ ನೋಡಿದರೆ ಭತ್ತ ಎಷ್ಟು ಉಂಟು ಎಂದು ಗೊತ್ತಾಗುತ್ತದೆ. ಬಿತ್ತಿದರೆ ಮೊಳಕೆ ಬರುತ್ತದಾ ಎಂದು ಕೋಲು ಹೇಳುವುದಿಲ್ಲ. ಎಎಂಎಚ್ ಆ ಕೋಲಿನ ಹಾಗೆ. ಗರ್ಭ ನಿಲ್ಲಲು ತಿಂಗಳಿಗೆ ಬೇಕಾದದ್ದು ಒಂದೇ ಒಂದು ಒಳ್ಳೆಯ ಕಾಳು. ಪತ್ತಾಯ ಅರ್ಧ ಇದ್ದರೂ ಆ ಒಂದು ಕಾಳು ಸಿಗುತ್ತದೆ. ಕಾಳಿನ ಗುಣವನ್ನು ಹೆಚ್ಚಾಗಿ ನಿರ್ಧರಿಸುವುದು ಹೆಣ್ಣಿನ ವಯಸ್ಸು.

ಇದು ನಮ್ಮ ಸಮಾಧಾನದ ಮಾತಲ್ಲ. 2017ರಲ್ಲಿ ಜಾಮಾ ಎಂಬ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಅಮೆರಿಕದ ಉತ್ತರ ಕ್ಯಾರೊಲಿನಾದ ಸುತ್ತಮುತ್ತ, ಹಿಂದೆ ಬಂಜೆತನದ ತೊಂದರೆ ಇಲ್ಲದ, 30ರಿಂದ 44 ವಯಸ್ಸಿನ, ಆಗಷ್ಟೇ ಮಗುವಿಗಾಗಿ ಪ್ರಯತ್ನ ಶುರು ಮಾಡಿದ 750 ಮಹಿಳೆಯರನ್ನು ಸಂಶೋಧಕರು ಗಮನಿಸಿದರು. ಎಎಂಎಚ್ 0.7ಕ್ಕಿಂತ ಕಡಿಮೆ ಇದ್ದವರಲ್ಲಿ ಆರು ಚಕ್ರಗಳೊಳಗೆ ಗರ್ಭ ನಿಲ್ಲುವ ಸಾಧ್ಯತೆ ಶೇ. 65 ಎಂದು ಲೆಕ್ಕ ಬಂತು. ಎಎಂಎಚ್ ಸರಿಯಾಗಿದ್ದವರಲ್ಲಿ ಶೇ. 62. ಅಂದರೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಅಮೆರಿಕದ ಸ್ತ್ರೀರೋಗ ತಜ್ಞರ ಸಂಘವಂತೂ 2019ರಲ್ಲಿ ಸ್ಪಷ್ಟವಾಗಿ ಹೇಳಿತು: ಬಂಜೆತನದ ತೊಂದರೆ ಇಲ್ಲದ ಹೆಣ್ಣಿಗೆ ಮಕ್ಕಳಾಗುತ್ತದಾ ಇಲ್ಲವಾ ಎಂದು ಹೇಳಲು ಎಎಂಎಚ್ ಬಳಸಬಾರದು.

ಹಾಗಾದರೆ ಅದರ ಉಪಯೋಗ ಎಲ್ಲಿ? ಐವಿಎಫ್ ಮಾಡುವಾಗ ಇಂಜೆಕ್ಷನ್‌ಗೆ ಎಷ್ಟು ಅಂಡಗಳು ಸಿಗಬಹುದು, ಎಷ್ಟು ಡೋಸ್ ಕೊಡಬೇಕು ಎಂದು ಅಂದಾಜಿಸಲು ಡಾಕ್ಟರಿಗೆ ಅದು ಬಹಳ ಉಪಕಾರಿ. ಪಿಸಿಓಡಿ ಎಂದು ನಾವು ಕರೆಯುವ ತೊಂದರೆಯಲ್ಲಿ ಎಎಂಎಚ್ ಹೆಚ್ಚಾಗಿರುತ್ತದೆ. 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ವಯಸ್ಕ ಮಹಿಳೆಯರಲ್ಲಿ ಅಂಡಾಶಯದ ಸ್ಕ್ಯಾನಿಂಗ್ ಬದಲು ಇದನ್ನು ಬಳಸಬಹುದು ಎಂದಿದೆ. ಆದರೆ ಇದೊಂದನ್ನೇ ನೋಡಿ ತೀರ್ಮಾನಿಸಬಾರದು, ಹದಿಹರೆಯದ ಹುಡುಗಿಯರಲ್ಲಿ ಬಳಸಲೇಬಾರದು ಎಂದೂ ಅದೇ ಮಾರ್ಗಸೂಚಿ ಹೇಳಿದೆ. ಕಾಲೇಜಿಗೆ ಹೋಗುವ ಮಗಳ ಮುಟ್ಟು ಒಂದೆರಡು ತಿಂಗಳು ತಪ್ಪಿತೆಂದು ಎಎಂಎಚ್ ಮಾಡಿಸಲು ಓಡುವ ತಾಯಂದಿರು ಇದನ್ನು ಗಮನಿಸಬೇಕು.

ಇನ್ನೊಂದು ಸಣ್ಣ ವಿಷಯ, ಆದರೆ ಗಲ್ಫಿಗೆ ಹೋಗಿ ಬರುವ ನಮ್ಮವರಿಗೆ ಮುಖ್ಯ. ಎಎಂಎಚ್ ಅನ್ನು ಎರಡು ಅಳತೆಗಳಲ್ಲಿ ಬರೆಯುತ್ತಾರೆ. ಇಲ್ಲಿ ಸಾಮಾನ್ಯವಾಗಿ ನ್ಯಾನೊಗ್ರಾಂ. ಹೊರದೇಶದ ಹಲವು ಲ್ಯಾಬ್‌ಗಳಲ್ಲಿ ಪಿಕೊಮೋಲ್. ಇಲ್ಲಿಯ 1 ಎಂದರೆ ಅಲ್ಲಿಯ 7.14. ಅಲ್ಲಿ 7 ಇದ್ದದ್ದು ಊರಿಗೆ ಬಂದ ಮೇಲೆ 1ಕ್ಕೆ ಇಳಿಯಿತು ಎಂದು ಹೆದರುವವರು ಅಳತೆ ಯಾವುದೆಂದು ಮೊದಲು ನೋಡಲಿ.

ಆ ಹುಡುಗಿಯ 0.9ಕ್ಕೆ ಮತ್ತೆ ಬರುವ. 25ರ ವಯಸ್ಸಿಗೆ ಅದು ಕಡಿಮೆಯೇ, ಸುಳ್ಳು ಹೇಳಿ ಪ್ರಯೋಜನ ಇಲ್ಲ. ಒಳ್ಳೆಯ ಡಾಕ್ಟರಲ್ಲಿ ಹೋಗಿದ್ದರೆ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸುತ್ತಿದ್ದರು, ಸ್ಕ್ಯಾನಿಂಗ್‌ನಲ್ಲಿ ಅಂಡಕೋಶಗಳನ್ನು ಎಣಿಸುತ್ತಿದ್ದರು, "ಮಗುವಿನ ವಿಷಯ ತುಂಬ ಮುಂದೂಡಬೇಡಿ" ಎನ್ನುತ್ತಿದ್ದರು. ಮುಂದೂಡಬಾರದು ಎಂದರೆ ಗಂಡ ಹೆಂಡತಿ ಒಟ್ಟಿಗೆ ಇರಬೇಕು ಎಂದರ್ಥ. ಆ ಅಂಕೆಯನ್ನು ನೋಡಿ ಆ ಮನೆಯವರು ಕೊಡಿಸಬೇಕಾಗಿದ್ದದ್ದು ಜುಬೈಲ್‌ನಿಂದ ಮಂಗಳೂರಿಗೆ ಒಂದು ವಿಮಾನದ ಟಿಕೆಟ್, ಅಥವಾ ಅವಳಿಗೆ ಒಂದು ವಿಸಾ. ಕೊಟ್ಟದ್ದು ತಾಯಿ ಮನೆಯ ದಾರಿ.

ರಕ್ತ ಹೇಳದ ಮಾತುಗಳು

ರಕ್ತ ಪರೀಕ್ಷೆ ಎಷ್ಟೇ ಮುಂದುವರಿದರೂ ಕೆಲವು ವಿಷಯಗಳು ಅದರಲ್ಲಿ ಕಾಣುವುದಿಲ್ಲ. ಗರ್ಭನಾಳಗಳು ತೆರೆದಿವೆಯಾ ಮುಚ್ಚಿವೆಯಾ ಎಂದು ಯಾವ ಹಾರ್ಮೋನೂ ಹೇಳುವುದಿಲ್ಲ. ಅದಕ್ಕೆ ದ್ರವ ಹಾಕಿ ಎಕ್ಸ್‌ರೇ ತೆಗೆಯುವ ಎಚ್‌ಎಸ್‌ಜಿಯಂಥ ಪರೀಕ್ಷೆಯೇ ಬೇಕು. ಎಲ್ಲ ಹಾರ್ಮೋನ್ ಸರಿ ಇದ್ದು ನಾಳ ಮುಚ್ಚಿದ್ದರೆ, ಪ್ಯಾಕೇಜ್ ರಿಪೋರ್ಟು "ಎಲ್ಲ ಓಕೆ" ಎನ್ನುತ್ತದೆ, ಗರ್ಭ ಮಾತ್ರ ನಿಲ್ಲುವುದಿಲ್ಲ.

ನಮ್ಮ ದೇಶದಲ್ಲಿ ನಾಳ ಮುಚ್ಚಲು ಇರುವ ಕಾರಣಗಳಲ್ಲಿ ಜನನಾಂಗದ ಟಿಬಿ ಒಂದು. ರಕ್ತದಲ್ಲಿ ಪ್ರತಿಕಾಯ ನೋಡಿ ಟಿಬಿ ಉಂಟು ಎಂದು ಹೇಳುವ ಕಿಟ್‌ಗಳು ಒಂದು ಕಾಲದಲ್ಲಿ ಧಾರಾಳ ನಡೆಯುತ್ತಿದ್ದವು. ಅವನ್ನು ನಂಬಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೇಳಿತು. 2012ರಲ್ಲಿ ಭಾರತ ಸರಕಾರ ಅವುಗಳ ತಯಾರಿ, ಆಮದು, ಮಾರಾಟ ಎಲ್ಲವನ್ನೂ ನಿಷೇಧಿಸಿತು. ಒಂದು ಗುರುತು ಮಾರುಕಟ್ಟೆಯಲ್ಲಿ ಓಡುತ್ತದೆ ಎಂದ ಮಾತ್ರಕ್ಕೆ ಅದು ನಿಜ ಹೇಳುತ್ತದೆ ಎಂದಲ್ಲ ಎಂಬುದಕ್ಕೆ ನಮ್ಮದೇ ದೇಶದ ಪಾಠ ಇದು.

ಎಂಡೊಮೆಟ್ರಿಯೋಸಿಸ್ ಇನ್ನೊಂದು. ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆದು, ಮುಟ್ಟಿನ ಹೊತ್ತಿಗೆ ತಡೆಯಲಾಗದ ನೋವು ಕೊಡುವ ಕಾಯಿಲೆ ಅದು. ಮಕ್ಕಳಾಗಲು ತೊಡಕಾಗುವುದೂ ಉಂಟು. ಅದಕ್ಕೆ ಸಿಎ 125 ಎಂಬ ರಕ್ತ ಪರೀಕ್ಷೆ ಮಾಡಿಸುವವರಿದ್ದಾರೆ. ಎಂಡೊಮೆಟ್ರಿಯೋಸಿಸ್ ಪತ್ತೆಗೆ ರಕ್ತದ ಗುರುತುಗಳನ್ನು ಬಳಸಬೇಡಿ ಎಂದು ಯುರೋಪಿನ ತಜ್ಞರ ಸಂಘ 2022ರಲ್ಲಿ ಸಲಹೆ ಕೊಟ್ಟಿದೆ. ಫ್ರಾನ್ಸಿನಲ್ಲಿ ಜೊಲ್ಲು ನೋಡಿ ಇದನ್ನು ಪತ್ತೆಹಚ್ಚುವ ಪರೀಕ್ಷೆಯೊಂದು ಬಂದಿದೆ. ಮುಂದೆ ಒಳ್ಳೆಯ ದಿನ ಬರಬಹುದು. ಅಲ್ಲಿಯವರೆಗೆ ಇರುವ ದಾರಿ ಡಾಕ್ಟರ ಕೈಪರೀಕ್ಷೆ, ಸ್ಕ್ಯಾನಿಂಗ್, ಎಲ್ಲಕ್ಕಿಂತ ಮೊದಲು ಅವಳ ಮಾತು. "ಮುಟ್ಟಿನಲ್ಲಿ ನೋವು ಎಲ್ಲರಿಗೂ ಇರ್ತದೆ, ನಾವೆಲ್ಲ ಸಹಿಸಿಕೊಂಡಿಲ್ವಾ?" ಎಂದು ಬಾಯಿ ಮುಚ್ಚಿಸುವ ಮನೆಯಲ್ಲಿ ಯಾವ ಬಯೋಮಾರ್ಕರ್ ಬಂದರೂ ಪ್ರಯೋಜನವಿಲ್ಲ.

ಇನ್ನರ್ಧ ಎಲ್ಲಿ?

ಬಂಜೆ ಎಂಬ ಮಾತು ನಮ್ಮ ಬಾಯಲ್ಲಿ ಎಷ್ಟು ಸಲೀಸು! ಅದಕ್ಕೆ ಜೋಡಿಯಾಗಿ ಗಂಡಸಿಗೆ ಹೇಳುವ ಪದ ಒಂದು ಹುಡುಕಿ ನೋಡಿ, ಸಿಗುವುದಿಲ್ಲ. ಪದವೇ ಇಲ್ಲದಿದ್ದರೆ ಪರೀಕ್ಷೆಯ ಯೋಚನೆ ಎಲ್ಲಿಂದ ಬರಬೇಕು?

ಮಕ್ಕಳಾಗದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಗಂಡಸಿನ ಕಡೆಯ ಕಾರಣವೂ ಇರುತ್ತದೆ, ಒಂಟಿಯಾಗಿಯೋ ಹೆಣ್ಣಿನ ಕಾರಣದ ಜೊತೆಗೋ. ಅವನ ಪರೀಕ್ಷೆಗೆ ಸೂಜಿ ಇಲ್ಲ, ಮುಟ್ಟಿನ ದಿನದ ಲೆಕ್ಕ ಇಲ್ಲ, ಎಕ್ಸ್‌ರೇ ಮೇಜಿನ ಮೇಲೆ ಕಣ್ಣೀರು ಹಾಕಬೇಕಾಗಿಲ್ಲ. ಎರಡರಿಂದ ಏಳು ದಿನ ಸಂಯಮದಲ್ಲಿದ್ದು ಒಂದು ಡಬ್ಬಿಯಲ್ಲಿ ವೀರ್ಯ ಕೊಟ್ಟರೆ ಆಯಿತು. ಲ್ಯಾಬ್‌ನಲ್ಲಿ ನಾಚಿಕೆಯಾದರೆ, ಅವರಲ್ಲಿ ಕೇಳಿ ಮನೆಯಿಂದಲೇ ಒಂದು ಗಂಟೆಯೊಳಗೆ ತಲುಪಿಸಬಹುದು. ಖರ್ಚೂ ಸಾಮಾನ್ಯವಾಗಿ ಎಎಂಎಚ್‌ಗಿಂತ ಕಡಿಮೆ.

ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ಇದಕ್ಕೆ ಕೆಳಗಿನ ಗಡಿಗಳನ್ನು ಕೊಟ್ಟಿದೆ: ಪ್ರಮಾಣ 1.4 ಮಿಲಿಲೀಟರ್, ಒಂದು ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು, ಅವುಗಳಲ್ಲಿ ಚಲಿಸುವಂಥವು ಶೇ. 42. ನ್ಯಾಯ ಎಲ್ಲರಿಗೂ ಒಂದೇ ಆದ್ದರಿಂದ ಇದನ್ನೂ ಹೇಳಬೇಕು: ಈ ಅಂಕೆಗಳು ಕೂಡ ತೀರ್ಪಲ್ಲ. ಗಡಿಗಿಂತ ಕೆಳಗಿದ್ದವರಿಗೂ ಮಕ್ಕಳಾಗಿವೆ. ಒಂದು ಜ್ವರ ಬಂದರೂ ಸಂಖ್ಯೆ ಇಳಿಯುತ್ತದೆ. ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು, ಹಾಗಾಗಿ ಒಮ್ಮೆ ಕಡಿಮೆ ಬಂದರೆ ಸ್ವಲ್ಪ ಸಮಯ ಬಿಟ್ಟು ಮತ್ತೆ ನೋಡುತ್ತಾರೆ. ಗಂಡಸಿನ ರಿಪೋರ್ಟಿಗೆ ನಾವು ಕೊಡುವ ಈ ಎರಡನೇ ಅವಕಾಶವನ್ನು ಹೆಣ್ಣಿನ ರಿಪೋರ್ಟಿಗೂ ಕೊಡಬೇಡವೇ?

ಯಾರು ಎಂತ ಮಾಡಬಹುದು?

ಹಿರಿಯರ ಆತಂಕ ನಮಗೆ ಅರ್ಥವಾಗದೆ ಇಲ್ಲ. ವಯಸ್ಸು ಯಾರಿಗೂ ಕಾಯುವುದಿಲ್ಲ, ತಡಮಾಡಿ ಕೈಸುಟ್ಟುಕೊಂಡ ಮನೆಗಳೂ ಇವೆ. "ಎಲ್ಲ ಒಟ್ಟಿಗೆ ಮಾಡಿಸಿದರೆ ತಪ್ಪೇನು?" ಎಂದು ಕೇಳುವ ಮಾಮಿಯ ಉದ್ದೇಶ ಹೆಚ್ಚಿನ ಸಲ ಒಳ್ಳೆಯದೇ. ನಾವು ಹೇಳುವುದು ಇಷ್ಟೇ: ಪರೀಕ್ಷೆಗೆ ಮೊದಲು ಡಾಕ್ಟರು, ಡಾಕ್ಟರಲ್ಲಿಗೆ ಹೋಗುವಾಗ ಗಂಡನೂ ಜೊತೆಗೆ. ಪ್ಯಾಕೇಜ್‌ನ ಬೋರ್ಡ್ ನೋಡಿ ರಕ್ತ ಕೊಡಬೇಡಿ. ಲೇಡಿಗೋಷನ್‌ನಂಥ ಸರಕಾರಿ ಹೆಂಗಸರ ಆಸ್ಪತ್ರೆ, ಇಷ್ಟೊಂದು ಮೆಡಿಕಲ್ ಕಾಲೇಜುಗಳು ಇರುವ ಜಿಲ್ಲೆ ನಮ್ಮದು. ಒಬ್ಬ ಸ್ತ್ರೀರೋಗ ತಜ್ಞರನ್ನು ಕಾಣುವುದು ಕಷ್ಟವಲ್ಲ. ಐವಿಎಫ್‌ವರೆಗೆ ಹೋಗುವುದಾದರೆ 2021ರ ಕಾನೂನಿನಂತೆ ಆ ಕ್ಲಿನಿಕ್ ನೋಂದಣಿ ಆಗಿರಲೇಬೇಕು, ಅದನ್ನು ಕೇಳಿ ನೋಡಿಯೇ ಹಣ ಕಟ್ಟಿ.

ಗಲ್ಫಿನಲ್ಲಿರುವ ಸಹೋದರರಿಗೆ ಒಂದು ಮಾತು. ನೀವು ಇರುವಲ್ಲೇ ಒಂದು ಲ್ಯಾಬ್‌ಗೆ ಹೋಗಿ ನಿಮ್ಮ ಪರೀಕ್ಷೆ ಮಾಡಿಸಿ, ರಿಪೋರ್ಟು ಹೆಂಡತಿಗೆ ಕಳಿಸಿ. ರಜೆ ಹಾಕುವಾಗ ಅವಳ ಮುಟ್ಟಿನ ತಾರೀಕು ಕೇಳಿ ಹಾಕಿ. ಅಂಡಾಣು ಹೊರಬರುವುದನ್ನು ಒಂದೆರಡು ದಿನ ಮೊದಲೇ ತಿಳಿಸುವ ಎಲ್‌ಎಚ್ ಪಟ್ಟಿಗಳು ಮೆಡಿಕಲ್‌ನಲ್ಲಿ ಸಿಗುತ್ತವೆ. ಪಿಸಿಓಡಿ ಇದ್ದವರಲ್ಲಿ ಅವು ತಪ್ಪು ತೋರಿಸಬಹುದು ಎಂಬುದು ನೆನಪಿರಲಿ.

ಮನೆಯವರಿಗೆ: ಹೆಣ್ಣಿನ ರಿಪೋರ್ಟು ಅವಳದ್ದು. ಅವಳ ಒಪ್ಪಿಗೆ ಇಲ್ಲದೆ ಅದರ ಫೋಟೊ ತೆಗೆಯಬೇಡಿ, ಗ್ರೂಪಿಗೆ ಹಾಕಬೇಡಿ. ಮದುವೆ ಮಾತುಕತೆಯ ಹೊತ್ತಿಗೇ ಹುಡುಗಿಯ ಎಎಂಎಚ್ ಕೇಳುವ ಕಾಲವನ್ನಂತೂ ನಾವು ತರಬಾರದು.

ಕೊನೆಯದಾಗಿ ನಮ್ಮ ಜಮಾಅತ್ ಕಮಿಟಿಗಳಿಗೆ. ಮಕ್ಕಳಾಗಿಲ್ಲ ಎಂಬ ಕಾರಣಕ್ಕೆ ತಲಾಕ್, ಎರಡನೇ ಮದುವೆ ಎಂದು ಪಂಚಾಯ್ತಿಗೆ ಬಂದರೆ ಮೊದಲು ಎರಡು ಪ್ರಶ್ನೆ ಕೇಳಿ. ಇಬ್ಬರ ಪರೀಕ್ಷೆಯೂ ಆಗಿದೆಯಾ? ಇಬ್ಬರು ಒಟ್ಟಿಗೆ ಎಷ್ಟು ತಿಂಗಳು ಬಾಳಿದ್ದಾರೆ? ಈ ಎರಡಕ್ಕೆ ಉತ್ತರ ಸಿಗುವವರೆಗೆ ಆ ಪಂಚಾಯ್ತಿಗೆ ಕೂರುವುದಿಲ್ಲ ಎಂದು ಒಂದು ಕಮಿಟಿ ತೀರ್ಮಾನಿಸಿದರೆ ಸಾಕು, ಹತ್ತು ಊರಿಗೆ ಅದು ದಾರಿಯಾಗುತ್ತದೆ. ನಮ್ಮ ಯುವಕರು ಗುರುತು ಪರಿಚಯ ಇಲ್ಲದವರಿಗೆ ರಕ್ತ ಕೊಡಲು ಶಿಬಿರಗಳಲ್ಲಿ ಸಾಲುಗಟ್ಟಿ ನಿಲ್ಲುವವರು. ಆ ಧೈರ್ಯ ಇರುವವರಿಗೆ ತಮ್ಮ ಹೆಂಡತಿಯ ಮಾನಕ್ಕಾಗಿ ಒಂದು ಪರೀಕ್ಷೆ ಮಾಡಿಸಿಕೊಳ್ಳುವುದು ದೊಡ್ಡದಲ್ಲ.

ಮೊನ್ನೆ ಆ ಹುಡುಗಿಯನ್ನು ಕಂಡೆವು. ರಿಪೋರ್ಟನ್ನು ಈಗಲೂ ಫೈಲಿನಲ್ಲಿ ಇಟ್ಟುಕೊಂಡಿದ್ದಾಳೆ. "ಈ 0.9 ಅಂದರೆ ನಿಜವಾಗಿ ಎಂತ?" ಎಂದು ಕೇಳಿದಳು. ಅವಳ ಬಾಳನ್ನೇ ತಿರುಗಿಸಿದ ಆ ಅಂಕೆಯ ಅರ್ಥವನ್ನು ಇಷ್ಟು ದಿನವಾದರೂ ಅವಳಿಗೆ ಯಾರೂ ಹೇಳಿರಲಿಲ್ಲ. ಈ ವಾರ ನಾವು ಇದನ್ನು ಬರೆದದ್ದು ಅದಕ್ಕೇ.